ಕಡಲ ನೀರಿನಿಂದ ಜಿಪ್ಸಮ್ ಹರಳು: ನಾನು ಬೆಳೆಸುವ ಬಗೆ

ಸ್ಪೇನಿನ ಪುಲ್ಪಿಯ ಹಳೇ ಗಣಿಯೊಂದರಲ್ಲಿ 1999ರಲ್ಲಿ ಸಿಕ್ಕ ಹರಳಿನ ಗವಿ ಸುಮಾರು 8 ಮೀಟರ್ ಉದ್ದ. ಗೋಡೆ ತುಂಬ ತಿಳಿಯಾದ ಜಿಪ್ಸಮ್ (ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್), ಕೆಲವು ಹರಳು 2 ಮೀಟರ್ ವರೆಗೂ ಇವೆ. ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪಿನಾಗರದಂಥ ಕಡೆ ಉಪ್ಪಿಗಿಂತ ಮೊದಲು ತಳ ಹಿಡಿಯುವುದೂ ಇದೇ ಖನಿಜ. ಕೈಯಾರೆ ಬೆಳೆಸಿದರೆ ಆ ಗವಿ ಹೇಗಾಯಿತೆಂದು ಚೆನ್ನಾಗಿ ತಿಳಿಯುತ್ತದೆ.

ನೀರು ತರುವುದು ಮಾರ್ಚ್–ಏಪ್ರಿಲ್‌ನಲ್ಲಿ, ಭರತಿಯ ಹೊತ್ತಿಗೆ, ಹೊಳೆಬಾಯಿಯಿಂದ ದೂರ. ಮಳೆಗಾಲದಲ್ಲಿ ಅಘನಾಶಿನಿ, ಗಂಗಾವಳಿಯ ನೀರು ಸೇರಿ ದಡದ ಕಡಲು ಸಪ್ಪೆಯಾಗಿರುತ್ತದೆ. 10 ಲೀಟರ್ ಸಾಕು. ಹಳೇ ಪಂಚೆಯಲ್ಲಿ ಸೋಸಿ, ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗಿಡುತ್ತೇನೆ. ಒಲೆಯ ಮೇಲೆ ಕುದಿಸಬೇಡಿ. ನೀರು ಬೇಗ ಆರಿದರೆ ಲೆಕ್ಕವಿಲ್ಲದಷ್ಟು ಹರಳು ಒಟ್ಟಿಗೇ ಹುಟ್ಟಿ, ಯಾವುದೂ ದೊಡ್ಡದಾಗದೆ, ಬರೀ ಹಿಟ್ಟು ಉಳಿಯುತ್ತದೆ.

ನೀರು ಅರ್ಧಕ್ಕಿಳಿದಾಗ ಬೀಳುವ ಬಿಳಿ ಧೂಳು ಕ್ಯಾಲ್ಸಿಯಂ ಕಾರ್ಬೊನೇಟ್, ಸೋಸಿ ತೆಗೆಯಬೇಕು. 3 ಲೀಟರಿನ ಆಸುಪಾಸು, ನೀರಿನ ಸಾಂದ್ರತೆ ಅಳೆಯುವ ಬೋಮೆ ಮಾಪಕದಲ್ಲಿ 13 ಡಿಗ್ರಿ ಬಂದಾಗ, ತಳದಲ್ಲಿ ಸಣ್ಣ ಸೂಜಿಗಳು ಮಿನುಗತೊಡಗುತ್ತವೆ. 24 ಡಿಗ್ರಿಗೇ ನೀರು ಬಸಿದುಬಿಡಿ. 25 ದಾಟಿದರೆ ಉಪ್ಪಿನ ಚೌಕ ಹರಳು ಸೂಜಿಯ ಮೇಲೆ ಕೂತು ಬಿಡಿಸಲು ಬಾರದು. ಕೊನೆಗೆ ಸಿಗುವುದು ಹೆಚ್ಚೆಂದರೆ 10–12 ಗ್ರಾಂ. ಒಂದೆರಡು ಚಮಚ ಸಿಹಿನೀರಿನಲ್ಲಿ ಬೇಗ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿ ಕಾವಲಿಯ ಮೇಲಿಟ್ಟರೆ ಹರಳಿನೊಳಗಿನ ನೀರು ಹೋಗಿ ಪ್ಲಾಸ್ಟರ್ ಪುಡಿಯಾಗುತ್ತದೆ. ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು, ನಾಲಿಗೆಗೆ ಉಪ್ಪೆನಿಸಬಾರದು: ಹಾಗಿದ್ದರೆ ಜಿಪ್ಸಮ್ಮೇ.

ದೊಡ್ಡದು ಮಾಡುವುದೇ ನಿಜವಾದ ಕಷ್ಟ. ಪಟಿಕದಂತೆ ಬಿಸಿನೀರಲ್ಲಿ ಕರಗಿಸಿ ತಣಿಸುವ ಉಪಾಯ ಇಲ್ಲಿ ನಡೆಯದು. ಜಿಪ್ಸಮ್ ಬಿಸಿಗೂ ತಣ್ಣಗೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ಲೀಟರಿಗೆ 2 ಗ್ರಾಂ ಚಿಲ್ಲರೆ ಕರಗುತ್ತದೆ. 3 ಗ್ರಾಂ ಜಿಪ್ಸಮ್ ಪುಡಿಯನ್ನು 1 ಲೀಟರ್ ನೀರಿಗೆ ಹಾಕಿ, ಕೆಲವು ದಿನ ಆಗಾಗ ಕುಲುಕಿ, ತಿಳಿಯನ್ನು ಬಗ್ಗಿಸಿಕೊಂಡು, ಅದರಲ್ಲಿ ಒಂದೇ ಒಂದು ಒಳ್ಳೆಯ ಸೂಜಿಯನ್ನು ಬಿಡುತ್ತೇನೆ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಒಳಕೋಣೆಯಲ್ಲಿ ಅಲುಗದ ಜಾಗದಲ್ಲಿಡಬೇಕು. ಇದಕ್ಕೆ ಕರಾವಳಿಯ ಮಳೆಗಾಲವೇ ಲಾಯಕ್ಕು: ಗಾಳಿಯ ತೇವದಿಂದ ನೀರು ಆರುವುದೇ ಇಲ್ಲವೆನ್ನುವಷ್ಟು ನಿಧಾನ. ಧೂಳು ಬಿದ್ದರೆ ಅದರ ಮೇಲೆಲ್ಲ ಹೊಸ ಹರಳು ಹುಟ್ಟಿ ಮೊದಲಿನದರ ಪಾಲು ಕಸಿಯುತ್ತವೆ.

ಪುಲ್ಪಿಯಲ್ಲಿ ನೀರು ಆರಿ ಬೆಳೆದದ್ದಲ್ಲ. ಅಲ್ಲಿನ ಬಂಡೆಯ ಆನ್‌ಹೈಡ್ರೈಟ್, ಅಂದರೆ ನೀರಿಲ್ಲದ ಕ್ಯಾಲ್ಸಿಯಂ ಸಲ್ಫೇಟ್, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಲ್ಲಿ ಜಿಪ್ಸಮ್‌ಗಿಂತ ತುಸು ಹೆಚ್ಚು ಕರಗುತ್ತದೆ. ಒಂದು ಕರಗುತ್ತಾ ಹೋದಂತೆ ಇನ್ನೊಂದು ಬೆಳೆಯುತ್ತಾ ಹೋಯಿತು, ಹತ್ತಾರು ಸಾವಿರ ವರ್ಷ. ಮೆಕ್ಸಿಕೋದ ನೈಕಾದಲ್ಲಿ ಇದೇ ಕ್ರಮ 58 ಡಿಗ್ರಿಯ ಹತ್ತಿರ ನಡೆದು 11 ಮೀಟರಿನ ಹರಳುಗಳಾದವು.

ಪುಲ್ಪಿ 2019ರಿಂದ ಪ್ರವಾಸಿಗರಿಗೆ ತೆರೆದಿದೆ. ಹೋಗುವವರು ಗವಿಯ ಬಾಯಲ್ಲಿ ನಿಂತೇ ಇಣುಕಬೇಕು. ಉಸಿರಿನ ತೇವ ಹರಳಿನ ಮೇಲೆ ಕೂತರೆ ಮೈ ಮಂಕಾಗುತ್ತದೆ, ನಿಧಾನಕ್ಕೆ ಕರಗುತ್ತದೆ.