ಮಲಗಿದ ಚಾಲಕನಿಗೂ ಸಂಬಳ: ವಿಮಾನದ ರೋಸ್ಟರ್ ವಿರಾಜಪೇಟೆಯ ಟ್ಯಾಕ್ಸಿಗೆ ಒಗ್ಗಿದ ಬಗೆ

ವಿರಾಜಪೇಟೆ, ಗೋಣಿಕೊಪ್ಪಲಿನ ಟ್ಯಾಕ್ಸಿ ಮಾಲೀಕರು ಈಗ ನನ್ನ ರೋಸ್ಟರ್ ಹಾಳೆಯ, ಎಂದರೆ ಚಾಲಕರ ಪಾಳಿ ಪಟ್ಟಿಯ, ನಕಲು ಕೇಳುತ್ತಿದ್ದಾರೆ. ಮೂರ್ನಾಲ್ಕು ವರ್ಷದ ಹಿಂದೆ ಇವರೇ, “ಮಲಗಿದವನಿಗೆ ಸಂಬಳ ಕೊಡುತ್ತಾ ಹೋದರೆ ತೋಟ ಮಾರಬೇಕಾಗುತ್ತದೆ” ಎಂದಿದ್ದರು. ತೋಟ ಹಾಗೆಯೇ ಇದೆ. ಹೋದ ವರ್ಷ ಬ್ಯಾಂಕಿನ ಮೆಟ್ಟಿಲು ಹತ್ತದೆ ಇನ್ನೊಂದು ಇನ್ನೋವಾ ಕೊಂಡೆ. ಪರ್ಮಿಟ್, ಎಫ್‌ಸಿ (ಗಾಡಿಯ ಯೋಗ್ಯತಾ ಪತ್ರ), ಟ್ರಿಪ್ ಶೀಟ್ ಎಲ್ಲ ನಿಮಗೆ ಗೊತ್ತಿರುವುದೇ. ನಾನು ಬರೆಯುವುದು ಚಾಲಕರ ಪಾಳಿಯ ವಿಷಯ ಮಾತ್ರ.

ಬೆಂಗಳೂರಿನ ಒಂದು ವಿಮಾನಯಾನ ಸಂಸ್ಥೆಯಲ್ಲಿ ಸುಮಾರು ಹತ್ತು ವರ್ಷ ಪೈಲಟ್‌ಗಳ ಮತ್ತು ಗಗನಸಖಿಯರ ರೋಸ್ಟರ್ ಮಾಡಿದವನು ನಾನು. ಕೋವಿಡ್ ಕಾಲದಲ್ಲಿ ಊರಿಗೆ ಬಂದು ವಾಹನಗಳಿಗೆ ಹಣ ಹಾಕಿದೆ. ಈಗ ಎಂಟೊಂಬತ್ತು ಇವೆ, ಅವುಗಳಲ್ಲಿ ಎರಡು ಟೆಂಪೊ ಟ್ರಾವೆಲರ್. ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ನಮ್ಮ ಕಡೆಯ ಗಲ್ಫ್ ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ಕೇರಳಕ್ಕೆ ಇಳಿಯುವ ಮಾಕುಟ್ಟ ಘಟ್ಟದ ದಾರಿ ಹಿಡಿದರು.

ಲೆಕ್ಕವನ್ನು ಹಿಂದಿನಿಂದ ಹಾಕಿ. ಬೆಳಗ್ಗೆ ಏಳರ ವಿಮಾನಕ್ಕೆ ಪ್ರಯಾಣಿಕರು ನಾಲ್ಕಕ್ಕೆ ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರಿನಲ್ಲಿರಬೇಕು. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ದಾರಿ, ಘಟ್ಟದ ಕಾರಣ ಎರಡು ಗಂಟೆಯಾದರೂ ಬೇಕು. ಎಂದರೆ ಒಂದೂವರೆಗೆ ಹೊರಟವನು ಎರಡು ದಾಟಿದ ಮೇಲೆ ಕಾಡಿನ ತಿರುವುಗಳಲ್ಲಿ ಇರುತ್ತಾನೆ. ರಾತ್ರಿ ಎರಡರಿಂದ ಆರರವರೆಗೆ ಮನುಷ್ಯನ ಎಚ್ಚರ ತೀರಾ ಕುಸಿಯುತ್ತದೆ ಎಂಬುದರ ಮೇಲೆಯೇ ವಿಮಾನದ ಪಾಳಿ ನಿಯಮಗಳು ನಿಂತಿವೆ. ನಮ್ಮಲ್ಲಿ ಮಾತ್ರ ಹಗಲಿಡೀ ಪ್ರವಾಸಿಗರನ್ನು ಅಬ್ಬಿ ಜಲಪಾತ, ತಲಕಾವೇರಿ ಸುತ್ತಿಸಿದ ಚಾಲಕನನ್ನೇ ಆ ಹೊತ್ತಿಗೆ ಎಬ್ಬಿಸಿ ಕಳುಹಿಸುತ್ತಿದ್ದರು.

2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಹಾರಾಟದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು, ಸಹ ಪೈಲಟ್ “ಗೋ ಅರೌಂಡ್” ಎಂದರೂ ವಿಮಾನವನ್ನು ಮೇಲಕ್ಕೆತ್ತದೆ ಇಳಿಸಿದರು ಎಂದು ತನಿಖೆಯಲ್ಲಿ ಹೊರಬಂತು. ಆ ವರದಿಯನ್ನು ನಾನು ಕೆಲಸದ ಭಾಗವಾಗಿ ಓದಿದ್ದೆ. ನನ್ನ ಎರಡು ಮುಖ್ಯ ನಿಯಮಗಳೂ ಅಲ್ಲಿಂದಲೇ ಬಂದವು.

ಮೊದಲನೆಯದು ವಿಶ್ರಾಂತಿ. ಮಧ್ಯರಾತ್ರಿಯ ನಂತರ ಹೊರಡುವವನಿಗೆ ಹಿಂದಿನ ಮಧ್ಯಾಹ್ನದಿಂದ ಯಾವ ಕೆಲಸವೂ ಇಲ್ಲ. ಸತತ ಎರಡು ರಾತ್ರಿ ಓಡಿಸಿದರೆ ಮೂರನೆಯ ರಾತ್ರಿ ಕಡ್ಡಾಯ ಬಿಡುವು. ಇದು ನಾನು ಹುಟ್ಟಿಸಿದ ಐಷಾರಾಮವಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ನಮ್ಮ ಸ್ಟ್ಯಾಂಡಿನಲ್ಲಿ ಅದನ್ನು ಪಾಲಿಸಿದವರನ್ನು ನಾನು ಕಂಡಿಲ್ಲ.

ಮೊದಲ ವರ್ಷ ಇದು ನಡೆಯಲಿಲ್ಲ. ಬಾಟಾ, ಎಂದರೆ ಚಾಲಕನ ಭತ್ಯೆ, ಸಿಗುವುದು ಟ್ರಿಪ್‌ಗೆ. ಟ್ರಿಪ್ ಕಡಿಮೆಯಾದರೆ ಮನೆಯ ಅಕ್ಕಿಗೆ ಕುತ್ತು. ಒಳ್ಳೆಯ ಇಬ್ಬರು ಚಾಲಕರು ಬಿಟ್ಟು ಹೋದರು. ಉಳಿದವರಲ್ಲಿ ಕೆಲವರು ನಾನು ಕೊಟ್ಟ ಬಿಡುವಿನಲ್ಲಿ ಬೇರೆಯವರ ಜೀಪು ಓಡಿಸಿದರು. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು ನಡೆಯುವಾಗ ಕೆಲಸದಾಳುಗಳನ್ನು ತೋಟಕ್ಕೆ ಸಾಗಿಸುವ ಪಿಕಪ್‌ಗಳಿಗೆ ಚಾಲಕರೇ ಸಿಗುವುದಿಲ್ಲ, ಕೈಗೆ ರೊಕ್ಕ ಕೊಡುತ್ತಾರೆ. ನನ್ನ ಹಾಳೆಯಲ್ಲಿ ವಿಶ್ರಾಂತಿ, ರಸ್ತೆಯಲ್ಲಿ ದುಡಿಮೆ. ಹೀಗಾದರೆ ರೋಸ್ಟರ್ ಇದ್ದೂ ಇಲ್ಲದಂತೆ.

ವಿಮಾನ ಸಂಸ್ಥೆಗಳು ಪೈಲಟ್‌ಗೆ ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಖಚಿತ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತವೆ, ಹಾರಿದರೂ ಹಾರದಿದ್ದರೂ. ಅದನ್ನೇ ತಂದೆ. ತಿಂಗಳಿಗೆ ಇಷ್ಟು ಟ್ರಿಪ್‌ಗಳ ಬಾಟಾ ಖಾತ್ರಿ, ಮೀರಿದ್ದಕ್ಕೆ ಹೆಚ್ಚುವರಿ. ಜೊತೆಗೆ ಪ್ರತಿ ರಾತ್ರಿ ಒಬ್ಬ ಸ್ಟ್ಯಾಂಡ್‌ಬೈ: ಮನೆಯಲ್ಲೇ ಮಲಗಿರಬೇಕು, ಫೋನ್ ಬಂದರೆ ಅರ್ಧ ಗಂಟೆಯಲ್ಲಿ ಹೊರಡಬೇಕು, ಬಾರದಿದ್ದರೂ ಏಳೆಂಟುನೂರು ರೂಪಾಯಿ. ಎಲ್ಲ ಸೇರಿ ತಿಂಗಳಿಗೆ ನಲವತ್ತೈದು, ಐವತ್ತು ಸಾವಿರದ ಹೊಸ ಖರ್ಚು. ಚಿಕ್ಕಪ್ಪ ಲೆಕ್ಕ ನೋಡಿ ಎರಡು ದಿನ ಮಾತನಾಡಲಿಲ್ಲ. ಆದರೆ ಆರು ಜನರ ಒಂದು ಕುಟುಂಬ ಗಲ್ಫ್ ವಿಮಾನ ತಪ್ಪಿಸಿಕೊಂಡರೆ ಹೊಸ ಟಿಕೆಟ್‌ಗೆ ತೊಂಬತ್ತು ಸಾವಿರದ ಹತ್ತಿರ ಆಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಆ ಕುಟುಂಬದ ನೆಂಟರೆಲ್ಲ ಕೈತಪ್ಪುವುದು. ಒಂದೂವರೆ ವರ್ಷದ ಹೊತ್ತಿಗೆ ಖರ್ಚು ಮರಳಿತು. ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದ. ಬಿಡುವಿನಲ್ಲಿ ಬೇರೆ ಕಡೆ ಓಡಿಸುವುದನ್ನು ಪತ್ತೆ ಹಚ್ಚುವ ನನ್ನ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಚಾಲಕರೂ ಇದನ್ನು ಓದುತ್ತಾರೆ.

ಎರಡನೆಯ ನಿಯಮ, ಹಿಂದಿರುಗುವ ಅಧಿಕಾರ. ಇಳಿಯುವ ವಿಮಾನ ಒಂದು ನಿಗದಿತ ಎತ್ತರಕ್ಕೆ ಬಂದಾಗ ವೇಗ, ದಿಕ್ಕು ಸರಿಯಿಲ್ಲದಿದ್ದರೆ ಮತ್ತೆ ಮೇಲೇರಬೇಕು. ಆಮೇಲೆ ಯೋಚಿಸೋಣ ಎನ್ನುವಂತಿಲ್ಲ. ನನ್ನ ಚಾಲಕರಿಗೆ ಆ ಗೆರೆ, ಘಟ್ಟ ಇಳಿಯುವ ಮೊದಲು ಸಿಗುವ ಪೆರುಂಬಾಡಿ. ಅಲ್ಲಿ ಮಂಜಿನಲ್ಲಿ ಇಷ್ಟು ದೂರ ಕಾಣದಿದ್ದರೆ ಘಟ್ಟ ಇಳಿಯುವಂತಿಲ್ಲ. ಕಾಯಬಹುದು, ತಿರುಗಬಹುದು. ಕಾರಣ ಕೇಳುವುದಿಲ್ಲ, ಬಾಟಾ ಕಡಿಯುವುದಿಲ್ಲ. ಪ್ರಯಾಣಿಕರು ಬೈದರೆ ನನಗೆ ಬೈಯಲಿ, ಅದಕ್ಕೇ ಟ್ರಿಪ್ ಶೀಟ್‌ನ ಮೇಲೆ ನನ್ನ ನಂಬರ್ ದಪ್ಪಕ್ಷರದಲ್ಲಿದೆ.

ತಿರುಗಿದ ಮೇಲೆ ಎಲ್ಲಿಗೆ? ವಿಮಾನವು ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನವನ್ನು ಮೊದಲೇ ತುಂಬಿಕೊಂಡು ಹೊರಡುತ್ತದೆ. ನಮ್ಮ ಇಂಧನ ಸಮಯ. 2018ರ ಜೂನ್‌ನಲ್ಲಿ ಮಾಕುಟ್ಟ ರಸ್ತೆ ಕುಸಿದು ಸಂಚಾರವೇ ನಿಂತದ್ದು ನೆನಪಿರಬೇಕು. ಹಾಗಾಗಿ ಮಳೆಗಾಲದಲ್ಲಿ ಕುಟ್ಟ, ಮಾನಂದವಾಡಿ ಮೂಲಕ ಸುತ್ತಿ ಹೋದರೂ ಕೌಂಟರ್ ಮುಚ್ಚುವ ಮೊದಲು ತಲುಪುವಂತೆ ಹೊರಡುವ ಹೊತ್ತು ಇಡುತ್ತೇನೆ. ಎರಡು ಗಂಟೆ ಬೇಗ. ಗಿರಾಕಿಗಳಿಗೆ ಇದು ಹಿಡಿಸುವುದಿಲ್ಲ. ಒಂದು ಜುಲೈ ಕಳೆದರೆ ಮರುವರ್ಷ ತಾವೇ ಬೇಗ ಹೊರಡೋಣ ಎನ್ನುತ್ತಾರೆ.

ತಡವಾದ ಪ್ರತಿ ವಿಮಾನಕ್ಕೂ ಒಂದು ಸಂಕೇತ ಸಂಖ್ಯೆ ಬರೆಯುವ ಪದ್ಧತಿ ಇದೆ. ಅದೇ ವಿಮಾನ ಹಿಂದಿನ ಊರಿನಿಂದ ತಡವಾಗಿ ಬಂದದ್ದೇ ಕಾರಣವಾದರೆ 93. ನಾನೂ ಒಂದು ಪುಸ್ತಕ ಇಟ್ಟೆ. ಘಟ್ಟ, ಮಂಜು, ಚೆಕ್‌ಪೋಸ್ಟ್ ಎಂದು ನಾವು ದೂರುತ್ತಿದ್ದೆವಲ್ಲ, ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ಅರ್ಧಕ್ಕೂ ಹೆಚ್ಚು ತಡಗಳು ನನ್ನ 93. ಬೆಂಗಳೂರಿಗೆ ಹೋದ ಗಾಡಿ ಸಂಜೆಗೆ ವಾಪಸ್ ಬರುತ್ತದೆ ಎಂದು ನಂಬಿ ರಾತ್ರಿಯ ಟ್ರಿಪ್ ಒಪ್ಪಿಕೊಳ್ಳುವುದು, ಅದು ಮೈಸೂರು ದಾಟುವಷ್ಟರಲ್ಲೇ ಕತ್ತಲಾಗುವುದು. ಬೆಂಗಳೂರಿಗೆ ಹೋದ ಗಾಡಿಗೆ ಆ ರಾತ್ರಿ ಕಣ್ಣೂರು ಇಲ್ಲ ಎಂದು ಬರೆದು ಗೋಡೆಗೆ ಅಂಟಿಸಿದೆ. ಟ್ರಿಪ್‌ಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಕ್ಷಮೆ ಕೇಳಿ ಬಾಡಿಗೆ ಬಿಟ್ಟುಕೊಡುವುದು ನಿಂತದ್ದರಿಂದ ಕೈಗೆ ಬರುವ ಹಣ ಹೆಚ್ಚಾಯಿತು.

ಯಾವ ಭಾಗ ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬ ಪಟ್ಟಿಯೂ ವಿಮಾನದಲ್ಲಿರುತ್ತದೆ: ಕೆಲವಕ್ಕೆ 3 ದಿನ, ಕೆಲವಕ್ಕೆ 10 ದಿನ. ನನ್ನದು ಒಂದೇ ಪುಟ. ಎ.ಸಿ. ಕೆಟ್ಟರೆ ಹತ್ತು ದಿನ. ವೈಪರ್‌ಗೆ ಫೆಬ್ರವರಿಯಲ್ಲಿ ಮೂರು ದಿನ, ಜೂನ್‌ನಲ್ಲಿ ಒಂದು ಗಂಟೆಯೂ ಇಲ್ಲ. ಬ್ರೇಕ್, ಟೈರ್ ಪಟ್ಟಿಯಲ್ಲೇ ಇಲ್ಲ, ಅವು ಸರಿಯಿಲ್ಲದಿದ್ದರೆ ಗಾಡಿ ಕದಲುವುದಿಲ್ಲ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೇಗ ಕಾದಿರಿಸಿದವರಿಗೆ ಕಡಿಮೆ, ಕೊನೆಗೆ ಬಂದವರಿಗೆ ಹೆಚ್ಚು ಎಂಬ ವಿಮಾನದ ದರ ಇಲ್ಲಿ ನಿಲ್ಲಲಿಲ್ಲ. ಒಂದೇ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಇಬ್ಬರು ಮದುವೆ ಮನೆಯಲ್ಲಿ ಬಾಡಿಗೆ ಹೋಲಿಸಿ ನೋಡಿ ನನ್ನನ್ನು ಕರೆಸಿ ವಿಚಾರಿಸಿದರು. ಈಗ ಎಲ್ಲರಿಗೂ ಒಂದೇ ದರ. ಅಗ್ಗವಿರುವ ಊರಿನಲ್ಲೇ ಇಂಧನ ತುಂಬಿಕೊಳ್ಳುವ ವಿಮಾನಗಳ ಕ್ರಮದಂತೆ, ಕೇರಳ ಕರಾವಳಿಯಲ್ಲಿದ್ದರೂ ಪುದುಚೇರಿಗೆ ಸೇರಿದ ಮಾಹೆಯ ಬಂಕ್‌ಗಳಲ್ಲಿ ಡೀಸೆಲ್ ಹಾಕಿಸಿ ನೋಡಿದೆ. ಮಟ್ಟನ್ನೂರಿನಿಂದ ಅಲ್ಲಿಗೆ ಹೋಗಿಬರುವ ಡೀಸೆಲ್ಲೇ ಉಳಿತಾಯವನ್ನು ತಿಂದಿತು. ಮಾಹೆ ದಾರಿಯಲ್ಲೇ ಬಿದ್ದಾಗ ಮಾತ್ರ ಹಾಕಿಸುತ್ತೇವೆ.

ಚೆನ್ನಾಗಿ ಫಲಿಸಿದ್ದು ರಜೆಯ ಹರಾಜು. ಜೂನ್‌ನಲ್ಲೇ ಪ್ರತಿ ಚಾಲಕನಿಗೂ ನೂರು ಅಂಕ. ಪುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ರಂಜಾನ್, ಓಣಂ, ಕ್ರಿಸ್‌ಮಸ್, ಯಾವುದು ಎಷ್ಟು ಮುಖ್ಯವೋ ಅಷ್ಟು ಅಂಕ ಅದರ ಮೇಲೆ ಹಾಕಬೇಕು. ಎಲ್ಲ ಸಮುದಾಯದವರನ್ನೂ ಸೇರಿಸಿಕೊಂಡಿರುವುದರಿಂದ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಓಡಿಸುತ್ತಾರೆ. ಪುತ್ತರಿಯ ರಾತ್ರಿ ಟ್ಯಾಕ್ಸಿ ಸಿಗುವುದು ನಮ್ಮಲ್ಲಿ ಮಾತ್ರ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದಾಗ ಸ್ಟ್ಯಾಂಡಿನವರು, “ನೋಡು, ನಿನ್ನ ವಿಶ್ರಾಂತಿ ನಿಯಮ ಅವರನ್ನೇ ಮುಳುಗಿಸಿತು” ಎಂದರು. ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದ್ದು ನಿಜ. ರಾತ್ರಿಯ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳಿದದ್ದೂ ನಿಜ. ಆದರೆ ಆ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಚಳಿಗಾಲದ ವೇಳಾಪಟ್ಟಿಯನ್ನು ತುಂಬಿದರೆ ಮೊದಲ ಮಂಜಿಗೇ ಅದು ಕಳಚಿಕೊಳ್ಳುತ್ತದೆ. ಅದಕ್ಕೇ ನಾನು ಮೊದಲು ಚಾಲಕರನ್ನು ಎಣಿಸಿ, ಆಮೇಲೆ ಬುಕಿಂಗ್ ತೆರೆಯುತ್ತೇನೆ. ಗಾಡಿ ಎಷ್ಟಿದೆ ಎಂಬುದು ಮೂರನೆಯ ಪ್ರಶ್ನೆ.

ಸ್ಟ್ಯಾಂಡ್‌ಬೈ ಖರ್ಚು ಒಬ್ಬನೇ ಹೊರುವುದು ಈಗಲೂ ಭಾರವೇ. ಮುಂದಿನ ಮಳೆಗಾಲಕ್ಕೆ ಗೋಣಿಕೊಪ್ಪಲಿನ ಇಬ್ಬರು ಮಾಲೀಕರೊಂದಿಗೆ ಸೇರಿ ಮೂವರಿಗೂ ಒಂದೇ ಸ್ಟ್ಯಾಂಡ್‌ಬೈ ಪಟ್ಟಿ ಮಾಡುವ ಮಾತು ನಡೆದಿದೆ. ಷರತ್ತು ಒಂದೇ, ಅವರ ಚಾಲಕರಿಗೂ ಬಾಟಾ ಖಾತ್ರಿ ಆಗಬೇಕು. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಕಾಫಿ ಮಾರಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ.