ಡೊನೆಪೆಜಿಲ್‌ನಿಂದ ಗುಣ ಕಾಣುತ್ತಿದೆಯೇ? ಮನೆಯಲ್ಲಿ ಲೆಕ್ಕ ಇಡುವ ಬಗೆ

ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಕುಸಿತವನ್ನು ಕೆಲಕಾಲ ತಡೆಯಬಹುದು. ಆರು ತಿಂಗಳಾದ ಮೇಲೂ ಅಜ್ಜಿ ಮೊದಲಿನಂತೆಯೇ ಇದ್ದರೆ ಅದೂ ಗುಣವೇ. ಆದರೆ ಮೊದಲು ಹೇಗಿದ್ದರು ಅನ್ನುವುದನ್ನು ಯಾರೂ ಸರಿಯಾಗಿ ನೆನಪಿಟ್ಟಿರುವುದಿಲ್ಲ. ಹಾಗಾಗಿ ಮೊದಲ ಮಾತ್ರೆಗೂ ಮುಂಚೆಯೇ ಬರೆದಿಡಬೇಕು.

ಸ್ನಾನ, ಬಟ್ಟೆ, ಊಟ, ಶೌಚ, ಜೊತೆಗೆ ಅವರು ಅಭ್ಯಾಸದಿಂದ ಮಾಡುವ ಒಂದು ಕೆಲಸ: ಇಷ್ಟು ಸಾಕು. ತಾವೇ ಮಾಡಿದರೆ 0, ಬಾಯಲ್ಲಿ ಹೇಳಬೇಕಾದರೆ 1, ಪಕ್ಕದಲ್ಲಿ ನಿಂತು ಕೈಜೋಡಿಸಬೇಕಾದರೆ 2, ಪೂರ್ತಿ ನಾವೇ ಮಾಡಿದರೆ 3. ಕಾಫಿ ಮಾಡುವಾಗ ಡಿಕಾಕ್ಷನ್ ಎಲ್ಲಿದೆ ಎಂದು ಕೇಳಿ ಮುಂದುವರಿಸಿದರೆ 1; ಖಾಲಿ ಪಾತ್ರೆಯನ್ನೇ ಒಲೆಗಿಟ್ಟು ಹೊರಟರೆ 2. ವಾರಕ್ಕೊಮ್ಮೆ, ಪ್ರತಿ ಸಲವೂ ಅದೇ ದಿನ ಬರೆಯಿರಿ. ಬರೆಯುವವರು ದಿನವಿಡೀ ಜೊತೆಗಿರುವವರಾಗಿರಲಿ. ಹಬ್ಬಕ್ಕೆ ಬಂದುಹೋಗುವ ಮಗನ ಅಂದಾಜು ಬೇಡ. ನೆಂಟರೆದುರು ಅವರು ಬೇರೆಯೇ ಥರ ಇರುತ್ತಾರೆ.

ನೆನಪು, ಲೆಕ್ಕ, ಭಾಷೆಯನ್ನು ಪ್ರಶ್ನೆ ಕೇಳಿ ಅಳೆಯುವ ಆಸ್ಪತ್ರೆಯ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯನ್ನು ಮೊದಲಿಗೆ, ಆಮೇಲೆ 3 ಮತ್ತು 6 ತಿಂಗಳಿಗೆ ಮಾಡಿಸಿ. ಪ್ರತಿ ಸಲವೂ ಅದೇ ಪರೀಕ್ಷೆ, ಅದೇ ಭಾಷೆ, ಹೆಚ್ಚುಕಡಿಮೆ ಅದೇ ಹೊತ್ತು. ಕನ್ನಡಕ, ಕಿವಿಯ ಯಂತ್ರ ಮರೆಯಬೇಡಿ. ಶಾಲೆಗೆ ಹೋಗದವರು ನೂರರಿಂದ ಏಳೇಳು ಕಳೆಯಲಾಗದೆ ಅಂಕ ಕಳೆದುಕೊಂಡರೆ ಅದು ಮರೆವಲ್ಲ. ಓದುಬರಹ ಬಾರದವರಿಗೆ ಹೊಂದುವ ಪರೀಕ್ಷೆ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ಒಬ್ಬರಲ್ಲಿ ಒಂದೆರಡು ಅಂಕದ ಏರಿಳಿತ ನಿದ್ದೆಗೆಟ್ಟ ರಾತ್ರಿಯಿಂದಲೂ ಬರುತ್ತದೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ 295 ರೋಗಿಗಳ ಅಧ್ಯಯನದಲ್ಲಿ ಈ ಮಾತ್ರೆ ಮುಂದುವರಿಸಿದವರಿಗೂ ನಿಲ್ಲಿಸಿದವರಿಗೂ ಈ ಪರೀಕ್ಷೆಯಲ್ಲಿ ಇದ್ದ ಅಂತರವೇ ಸರಾಸರಿ 1.9 ಅಂಕ. ಅದಕ್ಕೇ ಅಂಕವನ್ನು ಮನೆಯ ಹಾಳೆಯ ಜೊತೆಗಿಟ್ಟು ನೋಡಬೇಕು.

ಲೆಕ್ಕ ಹೆಚ್ಚಾಗಿ ಕೆಡುವುದು ಬೇರೆ ಕಾರಣಗಳಿಂದ. ದಿಢೀರ್ ಗೊಂದಲ ಹೆಚ್ಚಿದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಹೊಸ ನಿದ್ದೆಮಾತ್ರೆ ನೋಡಿ. ಪದೇಪದೇ ಮೂತ್ರಕ್ಕೆಂದು ಕೊಡುವ ಆಕ್ಸಿಬ್ಯುಟಿನಿನ್ ಡೊನೆಪೆಜಿಲ್‌ಗೆ ನೇರ ವಿರುದ್ಧ ಕೆಲಸ ಮಾಡುತ್ತದೆ. ಎರಡೂ ಒಂದೇ ಚೀಟಿಯಲ್ಲಿದ್ದರೆ ವೈದ್ಯರನ್ನು ಕೇಳಿ. ಬಿ12 ಇಂಜೆಕ್ಷನ್ನೂ ಡೊನೆಪೆಜಿಲ್ಲೂ ಒಂದೇ ವಾರ ಶುರುವಾದರೆ ಯಾವುದರಿಂದ ಗುಣ ಎಂದು ಹೇಳುವಂತಿಲ್ಲ.

5 ಮಿ.ಗ್ರಾಂನಿಂದ 10ಕ್ಕೆ ಏರಿಸುವುದು ಸಾಮಾನ್ಯವಾಗಿ 4–6 ವಾರದ ನಂತರ. ಆ ತಾರೀಖೂ ಹಾಳೆಯಲ್ಲಿರಲಿ. ತಿಂಗಳಿಗೊಮ್ಮೆ ತೂಕ ಮತ್ತು ನಾಡಿ ಬರೆಯಿರಿ. ವಾಂತಿ, ಭೇದಿ, ಕೆಟ್ಟ ಕನಸು ಬಂದರೂ ಹಾಗೆ. ತಲೆಸುತ್ತಿ ಬಿದ್ದರೆ ಮುಂದಿನ ತಪಾಸಣೆಗೆ ಕಾಯದೆ ಕೂಡಲೇ ತೋರಿಸಿ, ಮಾತ್ರೆ ನಾಡಿಯನ್ನು ನಿಧಾನಗೊಳಿಸಬಲ್ಲದು.