ಲೈಬ್ರರಿಯಿಂದ ಪುಸ್ತಕ ತೆಗೆಸಿ ಅಂತ ಗಲಾಟೆ ಎದ್ದರೆ ಏನು ಮಾಡಬೇಕು

ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಪುಟದ ಫೋಟೋ ಬರುತ್ತದೆ. ಎರಡು ಸಾಲಿನ ಸುತ್ತ ಕೆಂಪು ಗೆರೆ, ಕೆಳಗೆ "ಇಂಥದ್ದೆಲ್ಲ ಮಕ್ಕಳಿಗೆ ಓದಿಸ್ತಾರಾ?" ಅಂತ ಪ್ರಶ್ನೆ. ಶಾಲೆಯಲ್ಲಿ ಪುಸ್ತಕ ನಿಷೇಧದ ಜಗಳ ಎಷ್ಟೋ ಸಲ ಹೀಗೇ ಶುರುವಾಗುತ್ತದೆ.

ಆ ಫೋಟೋ ಮುಂದಕ್ಕೆ ಕಳಿಸಬೇಡಿ. ಮೊದಲು ಪುಸ್ತಕ ತಂದು ಪೂರ್ತಿ ಓದಿ. ನಾನೂ ಒಮ್ಮೆ ಇಂಥ ಫೋಟೋ ನೋಡಿ ಸಿಟ್ಟಾಗಿದ್ದೆ. ಕುಡಿದು ಬಂದ ಅಪ್ಪ ಮಗಳಿಗೆ ಬಾಯಿಗೆ ಬಂದಂತೆ ಬೈಯುವ ಪುಟ ಅದು. ಪುಸ್ತಕ ತಂದು ಮುಂದಿನ ಪುಟ ತಿರುಗಿಸಿದರೆ, ಆ ಹುಡುಗಿ ಟೀಚರ್ ಮುಂದೆ ನಿಂತು, ಹೇಳಲು ಬಾಯಿ ಬರದೆ, ಅದೇ ಬೈಗುಳವನ್ನು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದು ತೋರಿಸುತ್ತಾಳೆ. ಮನೆಯಲ್ಲಿ ಹೀಗೆ ಬೈಸಿಕೊಳ್ಳುವ ಮಗು ಇದನ್ನು ಓದಲೇಬೇಕು ಅಂತ ನನಗೆ ಅನ್ನಿಸಿತು. ಫೋಟೋದಲ್ಲಿ ಆ ಪುಟ ಇರಲಿಲ್ಲ.

ಓದಿದ ಮೇಲೂ ತಕರಾರಿದೆಯಾ? ಇರಬಹುದು, ಅದು ತಪ್ಪಲ್ಲ. ಆದರೆ ಪಾಠದ ಪುಸ್ತಕವೇ ಬೇರೆ, ಲೈಬ್ರರಿ ಪುಸ್ತಕವೇ ಬೇರೆ. ಪಾಠವನ್ನು ತರಗತಿಯ ಎಲ್ಲ ಮಕ್ಕಳೂ ಓದಲೇಬೇಕು, ಲೈಬ್ರರಿ ಪುಸ್ತಕವನ್ನು ಬೇಕಾದವರು ಮಾತ್ರ ತೆಗೆದುಕೊಳ್ಳುತ್ತಾರೆ. ನಿಮ್ಮ ಮಗುವಿಗೆ ಈ ಪುಸ್ತಕ ಬೇಡ ಅಂದರೆ ಲೈಬ್ರರಿಯವರಿಗೆ ಹಾಗೇ ಹೇಳಿ. ಚಿಕ್ಕ ಮಕ್ಕಳ ಕೈಗೆ ಸಿಗಬಾರದು ಅನ್ನಿಸಿದರೆ ದೊಡ್ಡ ತರಗತಿಯವರ ಕಪಾಟಿಗೆ ಹಾಕಲು ಕೇಳಿ. ಆದರೆ ಪಕ್ಕದ ಮನೆಯ ಮಗು ಏನು ಓದಬೇಕು ಅನ್ನೋದನ್ನು ಅದರ ಅಪ್ಪ ಅಮ್ಮ ನೋಡಿಕೊಳ್ಳಲಿ, ಅಲ್ವಾ?

ದೂರು ಯಾರದ್ದೇ ಇರಲಿ, ಬರವಣಿಗೆಯಲ್ಲಿ ಬರಲಿ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಕೊಡುವ ಮಾದರಿ ಅರ್ಜಿಯಲ್ಲಿ ಒಂದು ಒಳ್ಳೆ ಪ್ರಶ್ನೆ ಇದೆ: ನೀವು ಇದನ್ನು ಪೂರ್ತಿ ನೋಡಿದ್ದೀರಾ, ಇಲ್ಲದಿದ್ದರೆ ಯಾವ ಭಾಗ ನೋಡಿದ್ದೀರಿ? ನಿಮ್ಮ ಶಾಲೆಯಲ್ಲಿ ಇಂಥ ಅರ್ಜಿ ಇಲ್ಲದಿದ್ದರೆ ಗಲಾಟೆ ಏಳುವ ಮುಂಚೆಯೇ ಮಾಡಿಸಿಡಿ. ದೂರನ್ನು ನೋಡುವ ಸಮಿತಿಯಲ್ಲಿ ಶಿಕ್ಷಕರು, ಪೋಷಕರು, ಲೈಬ್ರರಿಯವರು ಮೂವರೂ ಇರಲಿ, ಎಲ್ಲರೂ ಪುಸ್ತಕ ಓದಿಯೇ ಸಭೆಗೆ ಬರಲಿ. ತೀರ್ಮಾನ ಆಗುವವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು. ಇದನ್ನು ಮಾತ್ರ ಬಿಟ್ಟುಕೊಡಬೇಡಿ. 'ಸದ್ಯಕ್ಕೆ' ಅಂತ ಒಳಗಿಟ್ಟ ಪುಸ್ತಕ ಸುಲಭಕ್ಕೆ ಹೊರಗೆ ಬರೋದಿಲ್ಲ.

ಸಮಿತಿ ಮಾಡಿದರಷ್ಟೇ ಸಾಲದು, ಅದರ ಮಾತು ನಡೆಯಬೇಕು. ನ್ಯೂಯಾರ್ಕ್ ರಾಜ್ಯದ ಐಲ್ಯಾಂಡ್ ಟ್ರೀಸ್‌ನಲ್ಲಿ ಶಾಲಾ ಮಂಡಳಿಯ ಕೆಲವರು ಒಂದು ಸಮಾವೇಶದಿಂದ ಆಕ್ಷೇಪದ ಪುಸ್ತಕಗಳ ಪಟ್ಟಿ ತಂದರು. 1976ರಲ್ಲಿ ಮಂಡಳಿ ಪುಸ್ತಕಗಳನ್ನು ಲೈಬ್ರರಿಯಿಂದ ತೆಗೆಸಿತು. ಆಮೇಲೆ ಪೋಷಕರು, ಶಿಕ್ಷಕರು ಸೇರಿದ ಸಮಿತಿ ಮಾಡಿ, ಅದು ಕೆಲವನ್ನು ಉಳಿಸಿ ಅಂದಾಗ ಆ ಮಾತನ್ನೇ ತಳ್ಳಿಹಾಕಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ಅವರ ಪರ ನಿಂತಿತು. ಕಾರಣದ ಬಗ್ಗೆ ಐವರೂ ಒಮ್ಮತಕ್ಕೆ ಬರಲಿಲ್ಲ, ಆದರೆ ವಿಚಾರ ಇಷ್ಟವಾಗಲಿಲ್ಲ ಅನ್ನೋ ಕಾರಣಕ್ಕೆ ಶಾಲಾ ಲೈಬ್ರರಿಯಿಂದ ಪುಸ್ತಕ ತೆಗೆಯುವಂತಿಲ್ಲ ಅಂತ ಮುಖ್ಯ ಅಭಿಪ್ರಾಯದಲ್ಲಿ ಬರೆದರು.

ಸಭೆಯಲ್ಲಿ ಮಾತಾಡುವಾಗ ದೂರು ಕೊಟ್ಟವರನ್ನು ಹೀಯಾಳಿಸಬೇಡಿ. ಅವರಲ್ಲಿ ಜಾಸ್ತಿ ಜನ ತಮ್ಮ ಮಗುವಿನ ಬಗ್ಗೆ ನಿಜವಾಗಿ ಹೆದರಿದವರು. ಸುಮ್ನೆ ವಾಕ್ ಸ್ವಾತಂತ್ರ್ಯದ ಭಾಷಣ ಮಾಡುವ ಬದಲು, ಗುರುತು ಹಾಕಿದ ಪುಟ ಓದಿ, ಅದರ ಹಿಂದಿನ ಪುಟ, ಮುಂದಿನ ಪುಟವನ್ನೂ ಜೋರಾಗಿ ಓದಿ.

ತೀರ್ಮಾನ ಏನೇ ಬರಲಿ, ಕಾರಣದ ಸಮೇತ ಬರೆಸಿಕೊಳ್ಳಿ. ಒಂದು ತಿಂಗಳು ಬಿಟ್ಟು ಲೈಬ್ರರಿಗೆ ಹೋಗಿ. ಉಳಿಸಿಕೊಂಡ ಪುಸ್ತಕ ಯಾರೂ ಕೇಳದಿರಲಿ ಅಂತ ಮೇಜಿನ ಡ್ರಾಯರಿನಲ್ಲಿ ಕೂತಿದ್ದರೆ, ಹೆದರಿರುವ ಲೈಬ್ರರಿಯವರನ್ನು ಬೈಯದೆ, ಅದನ್ನು ನಿಮ್ಮ ಹೆಸರಲ್ಲಿ ಬರೆಸಿಕೊಂಡು ಮನೆಗೆ ತನ್ನಿ. ವಾಪಸ್ ಕೊಡುವಾಗ ಅವರ ಜೊತೆಗೇ ಹೋಗಿ ಕಪಾಟಿನಲ್ಲಿ ಇಡಿಸಿ.